ಬಿದ್ದ ಹಾರ್ಡ್ ಡಿಸ್ಕ್, ಏಳೂವರೆ ಲಕ್ಷ ಸಾಲ, ನಾನು ಹತ್ತಿದ ಆರು ಮೆಟ್ಟಿಲು

ಹೋದ ವಾರ ಮೊಬೈಲಿಗೆ ಒಂದು ಮೆಸೇಜ್ ಬಂತು. ‘ನಮ್ಮ ಸೇವೆ ಹೇಗಿತ್ತು? ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?’ ಕಳಿಸಿದ್ದು ಬೆಂಗಳೂರಿನ ಒಂದು ‘ಸಾಲ ಪರಿಹಾರ’ ಕಂಪನಿ. ವರ್ಷದ ಹಿಂದೆ ನನ್ನಿಂದ 22,300 ರೂಪಾಯಿ ತೆಗೆದುಕೊಂಡವರು. ನನ್ನ ಹೆಂಡತಿ ಮೆಸೇಜ್ ಓದಿ ನಕ್ಕಳು. ‘ಕೇಳ್ತಿದಾರಲ್ಲ, ಬರೀರಿ’ ಅಂದಳು. ಹಾಗಾಗಿ ಬರೆಯಲು ಕೂತೆ. ಬರೆಯುತ್ತಾ ಹೋದರೆ ಒಂದೇ ಕಂಪನಿಯ ಕಥೆ ಸಾಕಾಗಲಿಲ್ಲ. ಅದರ ಜೊತೆಗೆ ಹೆಣೆದುಕೊಂಡಿರುವ ಇನ್ನೂ ಐದು ಜಾಗಗಳ ಬಗ್ಗೆ ಹೇಳಬೇಕಾಯಿತು.

ನಾನು ತಿಪಟೂರಿನ ಫೋಟೋಗ್ರಾಫರ್. ಮದುವೆ, ಆರತಕ್ಷತೆ, ನಾಮಕರಣ, ಗೃಹಪ್ರವೇಶ, ಮಧ್ಯೆ ಮಧ್ಯೆ ಪಾಸ್‌ಪೋರ್ಟ್ ಸೈಜ್ ಫೋಟೋ. ಕೆಟ್ಟ ಚಟ ಯಾವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಸಾಲ ಅಂದ ಕೂಡಲೇ ಜನ ಇಸ್ಪೀಟು, ಕುಡಿತ ಅಂದುಕೊಳ್ಳುತ್ತಾರೆ. ನನ್ನದು ಸುಮ್ನೆ ಒಂದರ ಮೇಲೊಂದು ಕೂತ ಸಾಲ. ಕ್ಯಾಮೆರಾ ಸಾಲದ ಕಂತು ಕಟ್ಟಲು ಕ್ರೆಡಿಟ್ ಕಾರ್ಡ್. ಕಾರ್ಡಿನ ಮಿನಿಮಮ್ ಕಟ್ಟಲು ಮೊಬೈಲ್ ಆಪ್. ಆಪ್ ತೀರಿಸಲು ಕೈಸಾಲ. ಒಟ್ಟು ಲೆಕ್ಕ ಹಾಕುವ ಧೈರ್ಯ ಎರಡು ವರ್ಷ ಬರಲಿಲ್ಲ.

ಮೊದಲು ಆ ಕಂಪನಿಯದು ಮುಗಿಸುತ್ತೇನೆ. 2024ರ ನವೆಂಬರಿನಲ್ಲಿ ಫೇಸ್‌ಬುಕ್ಕಿನಲ್ಲಿ ಜಾಹೀರಾತು ನೋಡಿದೆ. ‘ನಿಮ್ಮ ಸಾಲ ಅರ್ಧಕ್ಕೆ ಇಳಿಸುತ್ತೇವೆ.’ ಫೋನ್ ಮಾಡಿದರೆ ಹೆಣ್ಣು ದನಿ, ಒಳ್ಳೇ ಕನ್ನಡ, ‘ಸರ್, ನೀವು ಒಬ್ಬರೇ ಅಲ್ಲ’ ಅಂದಿತು. ಆ ಒಂದು ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಸೇರುವ ಫೀಸು ಹತ್ತು ಸಾವಿರ, ಜಿಎಸ್‌ಟಿ ಸೇರಿ 11,800. ಆಮೇಲೆ ತಿಂಗಳಿಗೆ 3,500. ಅವರ ಸಲಹೆ ಒಂದೇ ಸಾಲಿನದು: ‘ಇವತ್ತಿನಿಂದ ಯಾವ ಕಂತನ್ನೂ ಕಟ್ಟಬೇಡಿ. ಬ್ಯಾಂಕಿನವರೇ ಇಳಿದು ಬರುತ್ತಾರೆ. ಫೋನ್ ಬಂದರೆ ನಮ್ಮ ಲಾಯರ್ ನಂಬರ್ ಕೊಡಿ.’

ಮೂರು ತಿಂಗಳು ಕಟ್ಟಲಿಲ್ಲ. ಅವರ ಲಾಯರ್ ನಂಬರು ಯಾವಾಗ ಮಾಡಿದರೂ ಬ್ಯುಸಿ. ವಸೂಲಿಯವರು ಮನೆ ಬಾಗಿಲಿಗೇ ಬಂದರು. ಕೊನೆಗೆ ಕಂಪನಿಯಿಂದ ಒಂದು ನೋಟಿಸಿನ ಪ್ರತಿ ಬಂತು. ಅದರಲ್ಲಿ ನನ್ನ ಹೆಸರು ಸರಿ ಇತ್ತು, ಊರು ಮಾತ್ರ ಇನ್ಯಾರದೋ. ಮುಂಚೆ 702 ಇದ್ದ ಸಿಬಿಲ್ ಸ್ಕೋರು 588ಕ್ಕೆ ಇಳಿಯಿತು. ಸಾಲ ಸರಿಯಾಗಿ ಕಟ್ಟುತ್ತೇವೋ ಇಲ್ಲವೋ ಅಂತ ಬ್ಯಾಂಕಿನವರು ನೋಡುವ ಈ ಸ್ಕೋರು 300ರಿಂದ 900ರವರೆಗೆ ಇರುತ್ತದೆ. ವರ್ಷಕ್ಕೊಂದು ಸಲ ಪೂರ್ತಿ ರಿಪೋರ್ಟು ಪುಕ್ಕಟೆ ಸಿಗುತ್ತದೆ. ನನಗದು ಗೊತ್ತಿರಲಿಲ್ಲ, ಅದನ್ನು ತೆಗೆಸಿಕೊಟ್ಟದ್ದಕ್ಕೂ ಕಂಪನಿಯವರು ‘ಸರ್ವಿಸ್’ ಎಂದೇ ಲೆಕ್ಕ ಬರೆದಿದ್ದರು.

ಸ್ಟಾರ್ ಕೇಳಿದಿರಲ್ಲ. ಸೊನ್ನೆ ಒತ್ತಲು ಬರುವುದಿಲ್ಲ, ಒಂದರಿಂದ ಶುರುವಾಗುತ್ತದೆ. ಆ ಒಂದು ಕನ್ನಡದಲ್ಲಿ ಸಮಾಧಾನ ಹೇಳಿದ ಆ ಹುಡುಗಿಗೆ. ಅವಳಿಗೂ ಸಂಬಳ ಸರಿಯಾಗಿ ಬರುತ್ತಿತ್ತೋ ಇಲ್ಲವೋ.

ಇನ್ನು ಹಾರ್ಡ್ ಡಿಸ್ಕಿಗೆ ಬರುತ್ತೇನೆ. 2025ರ ಫೆಬ್ರವರಿ, ಮುಹೂರ್ತಗಳ ಮೇಲೆ ಮುಹೂರ್ತ. ರಾತ್ರಿ ಹನ್ನೊಂದರ ಹೊತ್ತಿಗೆ ಆಲ್ಬಮ್ಮಿಗೆ ಫೋಟೋ ಆರಿಸುತ್ತಾ ಕೂತಿದ್ದೆ. ಎದ್ದಾಗ ಟ್ರೈಪಾಡ್ ಕಾಲಿಗೆ ಕೇಬಲ್ ಸಿಕ್ಕಿಕೊಂಡಿತು. 4 ಟಿಬಿ ಪೋರ್ಟಬಲ್ ಡಿಸ್ಕು ಮೇಜಿನಿಂದ ಕೆಳಗೆ ಬಿತ್ತು, ಅದೂ ಓಡುತ್ತಿದ್ದಾಗಲೇ. ಎತ್ತಿ ಮತ್ತೆ ಚುಚ್ಚಿದೆ. ಟಿಕ್… ಟಿಕ್… ಟಿಕ್… ಟರ್ರ್. ಮತ್ತೆ ಟಿಕ್. ಹಲ್ಲಿ ಲೊಚಗುಟ್ಟಿದ ಹಾಗೆ.

ಅದರಲ್ಲಿ ಹನ್ನೊಂದು ಮದುವೆ ಇದ್ದವು. ಬೇರೆ ಕಾಪಿ ಇಲ್ಲ. ‘ಇನ್ನೊಂದು ಡಿಸ್ಕ್ ತಗೋಬೇಕು’ ಅಂತ ಆರು ತಿಂಗಳಿಂದ ಅಂದುಕೊಳ್ಳುತ್ತಿದ್ದೆ. ಆ ದುಡ್ಡು ಪ್ರತಿ ತಿಂಗಳೂ ಯಾವುದೋ ಕಂತಿಗೆ ಹೋಗುತ್ತಿತ್ತು.

ಬೆಳಿಗ್ಗೆ ಊರಿನ ಒಂದು ಕಂಪ್ಯೂಟರ್ ಅಂಗಡಿಗೆ ಒಯ್ದೆ. ಹುಡುಗ ಒಳ್ಳೆಯವನೇ, ಪ್ರಿಂಟರ್ ರಿಪೇರಿ ಚೆನ್ನಾಗಿ ಮಾಡುತ್ತಾನೆ. ಆದರೆ ಇದು ಪ್ರಿಂಟರ್ ಅಲ್ಲವಲ್ಲ. ‘ಫಾರ್ಮ್ಯಾಟ್ ಕೇಳ್ತಿದೆ ಅಣ್ಣ, ಚೆಕ್ ಡಿಸ್ಕ್ ಹಾಕಿ ನೋಡ್ತೀನಿ’ ಅಂದ. ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ಆ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿದ. ಮಾರನೇ ದಿನ ಯಾವುದೋ ರಿಕವರಿ ಸಾಫ್ಟ್‌ವೇರ್ ಹಾಕಿದ. ಅದು ಶೇಕಡಾ ಎರಡಕ್ಕೆ ನಿಂತುಹೋಯಿತು. 500 ರೂಪಾಯಿ ತಗೊಂಡ. ಅವನ ಮೇಲೆ ಕೋಪವಿಲ್ಲ. ಆದರೆ ಆ ರಾತ್ರಿ ನನಗೆ ಎಷ್ಟು ದುಬಾರಿ ಆಯಿತು ಅನ್ನುವುದು ಮುಂದೆ ಗೊತ್ತಾಯಿತು.

ಎರಡನೆಯದು ಬೆಂಗಳೂರಿನ ಒಂದು ಗಾಜಿನ ಬಾಗಿಲಿನ ಆಫೀಸು. ಎಸಿ, ಸೋಫಾ, ಗೋಡೆಯ ಮೇಲೆ ‘100% ಗ್ಯಾರಂಟಿ’. ನೋಡುವ ಫೀಸೇ 4,500. ನಾಲ್ಕು ದಿನ ಬಿಟ್ಟು ಫೋನ್ ಮಾಡಿ 68,000 ಅಂದರು, ಅರ್ಧ ಅಡ್ವಾನ್ಸ್. ಏನು ಕೆಟ್ಟಿದೆ ಅಂತ ಕೇಳಿದರೆ ‘ಡಿಸ್ಕ್ ಪ್ರಾಬ್ಲಮ್ ಸರ್’. ಅಷ್ಟು ನನಗೂ ಗೊತ್ತಿತ್ತು. ಬೇಡ, ವಾಪಸ್ ಕೊಡಿ ಅಂದಾಗ ‘ಓಪನ್ ಮಾಡಿದೀವಿ, ಕ್ಲೋಸಿಂಗ್ ಚಾರ್ಜ್ 3,000’ ಅಂದರು. ಜಗಳ ಮಾಡಿ ಒಂದು ಸಾವಿರ ಕೊಟ್ಟು ಬಿಡಿಸಿಕೊಂಡು ಬಂದೆ. ಸೋಫಾ ಚೆನ್ನಾಗಿತ್ತು.

ಆ ಮಧ್ಯಾಹ್ನ ಊರಿಗೆ ಬರುವ ಟ್ರೈನಿನಲ್ಲಿ ಕೂತಿದ್ದಾಗ ತಲೆಯಲ್ಲಿ ಏನೇನೋ ಓಡುತ್ತಿತ್ತು. ಅರಸೀಕೆರೆ ಕಡೆಯ ಒಬ್ಬರು ಎದುರು ಕೂತು ಕಡಲೆಕಾಯಿ ಕೊಟ್ಟರು, ತಿಂದೆ. ಅದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವತ್ತು ಯಾರಾದರೂ ಮಾತಾಡಿಸದೇ ಹೋಗಿದ್ದರೆ ನಾನು ತಿಪಟೂರಿನಲ್ಲಿ ಇಳಿಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಇಂಥ ಯೋಚನೆ ನಿಮಗೂ ಬರುತ್ತಿದ್ದರೆ ಮನೆಯವರಿಗೆ ಅವತ್ತೇ ಹೇಳಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಪುಕ್ಕಟೆ. ನಾನು ಅವತ್ತು ರಾತ್ರಿ ಹೆಂಡತಿಗೆ ಎಲ್ಲಾ ಹೇಳಿದೆ. ಅವಳು ಬೈಯಲಿಲ್ಲ. ‘ಒಟ್ಟು ಎಷ್ಟು?’ ಅಂತ ಮಾತ್ರ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳೇ ಮುಂದಿನ ವಾರ ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿಗೆ ನಿಂತಾಗ ಗೋಡೆಯ ಮೇಲೊಂದು ಪೋಸ್ಟರ್ ನೋಡಿಕೊಂಡು ಬಂದಳು. ಆರ್ಥಿಕ ಸಾಕ್ಷರತಾ ಕೇಂದ್ರ. ಸಲಹೆ ಉಚಿತ. ಇವನ್ನು ರಿಸರ್ವ್ ಬ್ಯಾಂಕಿನ ಸೂಚನೆಯ ಮೇಲೆ ಬ್ಯಾಂಕುಗಳೇ ನಡೆಸುತ್ತವೆ. ಹೆಸರು ಕೇಳಿದರೆ ಅ ಆ ಇ ಈ ಕಲಿಸುವ ಜಾಗದ ಹಾಗಿದೆ. ನಾನು ಎಷ್ಟೋ ಸಲ ಆ ಪೋಸ್ಟರ್ ಎದುರೇ ನಿಂತಿದ್ದೆ, ಓದಿರಲಿಲ್ಲ. ಗಾಜಿನ ಚೌಕಟ್ಟು ಇಲ್ಲ, ಬಣ್ಣ ಮಾಸಿದ ಕಾಗದ. ಫೇಸ್‌ಬುಕ್ಕಿನ ಜಾಹೀರಾತು ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು.

ನಾವು ಹೋದ ಕೇಂದ್ರ ತುಮಕೂರಿನಲ್ಲಿ, ಒಂದು ಸಣ್ಣ ಕೋಣೆ. ಒಳಗೆ ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಮೇಡಂ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್ ಫ್ಯಾನು, ಪೆನ್ಸಿಲ್. ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು, ಅವರು ಹಳ್ಳಿಯ ಶಿಬಿರಕ್ಕೆ ಹೋಗಿದ್ದರು. ಇದೊಂದು ನನ್ನ ದೂರು: ಇರುವುದು ಒಬ್ಬರೇ, ಅವರು ಯಾವ ದಿನ ಇರುತ್ತಾರೆ ಅಂತ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಬಹುದು ಅಲ್ವಾ? ಒಂದು ದಿನದ ಕೆಲಸ, ಇಬ್ಬರ ಬಸ್ ಚಾರ್ಜು ದಂಡ.

ಎರಡನೇ ಸಲ ಸಿಕ್ಕರು. ಎರಡು ಗಂಟೆ ಕೂರಿಸಿಕೊಂಡರು. ಒಂದು ಹಾಳೆಯನ್ನು ನಡುವೆ ಮಡಚಿ ಎಡಗಡೆ ‘ಕೊಡಬೇಕಾದ್ದು’, ಬಲಗಡೆ ‘ಬರಬೇಕಾದ್ದು’ ಅಂತ ಬರೆದರು. ಎಡಗಡೆ ತುಂಬುತ್ತಾ ಹೋಯಿತು. ಕ್ಯಾಮೆರಾ ಸಾಲ 1,85,000. ಕ್ರೆಡಿಟ್ ಕಾರ್ಡು 1,62,000. ಕೈಸಾಲ 1,50,000. ಚಿನ್ನದ ಸಾಲ 1,10,000. ಮೂರು ಆಪ್ ಸೇರಿ 78,000. ಹೆಂಡತಿಯ ಹೆಸರಿನಲ್ಲಿ ವಾರದ ಸಂಘದ್ದು 60,000. ಕೂಡಿದರೆ 7,45,000. ತಿಂಗಳಿಗೆ ಕಟ್ಟಬೇಕಾದ್ದು 45,000. ಸೀಸನ್ ಇಲ್ಲದ ತಿಂಗಳಲ್ಲಿ ನನ್ನ ದುಡಿಮೆ 28,000 ದಾಟುವುದಿಲ್ಲ.

ಆ ಸಂಖ್ಯೆ ನೋಡಿದಾಗ ವಿಚಿತ್ರ ಅಂದರೆ ಸ್ವಲ್ಪ ಹಗುರ ಆಯಿತು. ನಾನು ಮನಸ್ಸಿನಲ್ಲಿ ಹತ್ತು ಲಕ್ಷ ಅಂದುಕೊಂಡಿದ್ದೆ.

ಮೇಡಂ ಪ್ರತಿ ಸಾಲದ ಮುಂದೆ ಬಡ್ಡಿ ಬರೆದರು, ಎಲ್ಲವನ್ನೂ ವರ್ಷದ ಲೆಕ್ಕಕ್ಕೆ ತಂದು. ಕೈಸಾಲ ನೂರಕ್ಕೆ ಐದು ಅಂದರೆ ವರ್ಷಕ್ಕೆ 60%. ಕಾರ್ಡು ತಿಂಗಳಿಗೆ 3.6%, ವರ್ಷಕ್ಕೆ 43%. ಚಿನ್ನದ ಸಾಲ 11%. ‘ನಿಮಗೆ ಯಾವುದರ ಭಯ ಜಾಸ್ತಿ?’ ಅಂತ ಕೇಳಿದರು. ಚಿನ್ನದ್ದು ಅಂದೆ, ಹರಾಜು ಹಾಕುತ್ತಾರಲ್ಲ. ‘ಭಯ ಇರೋ ಕಡೆ ಮೊದಲು ಕಟ್ತಾ ಬಂದಿದೀರಪ್ಪ. ಎಲ್ಲಕ್ಕಿಂತ ಅಗ್ಗದ ಸಾಲ ಅದೇ. ಬಡ್ಡಿ ಮಾತ್ರ ತಪ್ಪದೆ ಕಟ್ಟಿ, ಉಳಿದದ್ದು ಆಮೇಲೆ ನೋಡೋಣ’ ಅಂದರು.

ಆಮೇಲೆ ಬಲಗಡೆಯ ಕಾಲಂ. ‘ನಿಮಗೆ ಯಾರು ಕೊಡಬೇಕು?’ ಈ ಪ್ರಶ್ನೆಯನ್ನು 11,800 ತಗೊಂಡ ಕಂಪನಿ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಹನ್ನೊಂದು ಮದುವೆಯ ಬಾಕಿ ಬರಬೇಕಿತ್ತು. ಲೆಕ್ಕ ಇದ್ದದ್ದು ಎಕ್ಸೆಲ್ ಫೈಲಿನಲ್ಲಿ, ಫೈಲು ಇದ್ದದ್ದು ಅದೇ ಡಿಸ್ಕಿನಲ್ಲಿ. ನಾನು ಬಾಯಿ ಮುಚ್ಚಿಕೊಂಡು ಕೂತೆ. ಹೆಂಡತಿ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಮಗಳ ಹಳೇ ಗಣಿತದ ಪುಸ್ತಕ, ಹಿಂದಿನ ಹಾಳೆಗಳಲ್ಲಿ ಅವಳ ಕೈಬರಹ. ಯಾರು, ಯಾವ ಊರು, ಎಷ್ಟಕ್ಕೆ ಮಾತಾಡಿದ್ದು, ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು. ಇದನ್ನು ನೋಡಿ ‘ಕಂಪ್ಯೂಟರ್ ಇರುವಾಗ ಇದ್ಯಾಕೆ’ ಅಂತ ನಾನು ಎಷ್ಟು ಸಲ ಅಂದಿದ್ದೆನೋ. ಒಟ್ಟು 2,86,000.

ಮೇಡಂ ಪೆನ್ಸಿಲ್ ಕೆಳಗಿಟ್ಟರು. ‘ಇದು ಯಾವಾಗ ಬರುತ್ತೆ?’

‘ಫೋಟೋ ಕೊಟ್ಟರೆ ಬರುತ್ತೆ ಮೇಡಂ.’

‘ಹಾಗಾದ್ರೆ ಮೊದಲನೇ ಕಂತು ಬ್ಯಾಂಕಿಗಲ್ಲ. ಆ ಡಿಸ್ಕಿಗೆ.’

ಈ ಬರಹದಲ್ಲಿ ಒಂದೇ ಒಂದು ಸಾಲು ನಿಮಗೆ ನೆನಪಿರುವುದಾದರೆ ಅದೇ ಇರಲಿ. ನಾನು ಸಾಲವನ್ನು ಒಂದು ಕಷ್ಟ, ಡಿಸ್ಕನ್ನು ಇನ್ನೊಂದು ಕಷ್ಟ ಅಂತ ಬೇರೆ ಬೇರೆ ಹೊತ್ತುಕೊಂಡು ತಿರುಗುತ್ತಿದ್ದೆ. ಸಾಲದಲ್ಲಿ ಮುಳುಗಿರುವಾಗ ಡಿಸ್ಕಿಗೆ ಹತ್ತಾರು ಸಾವಿರ ಸುರಿಯುವುದು ಹುಚ್ಚು ಅಂದುಕೊಂಡಿದ್ದೆ. ಅವರು ಹೇಳಿದ ಇನ್ನೊಂದು ಮಾತು: ‘ಗಿರಾಕಿಗಳಿಗೆ ಮುಚ್ಚಿಡಬೇಡಿ. ಹೇಳಿ, ಟೈಮ್ ಕೇಳಿ.’ ಇದು ಮಾತ್ರ ನನಗೆ ಸಾಲಕ್ಕಿಂತ ಕಷ್ಟವಾಯಿತು.

ಕೇಂದ್ರಕ್ಕೆ ಐದರಲ್ಲಿ ನಾಲ್ಕೂವರೆ. ಅರ್ಧ ಕಡಿಮೆ ಆ ಬಾಗಿಲಿಗೆ.

ಡಿಸ್ಕಿನ ಮೂರನೇ ಮೆಟ್ಟಿಲು ಬೆಂಗಳೂರಿನ ಎಸ್‌.ಪಿ. ರೋಡು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದರೆ ಸಿಗುತ್ತದೆ. ಅಡಾಪ್ಟರು, ಕೀಬೋರ್ಡು, ಹಳೇ ಲ್ಯಾಪ್‌ಟಾಪಿನ ಹೊಟ್ಟೆ ಎಲ್ಲಾ ಫುಟ್‌ಪಾತಿಗೇ ಚೆಲ್ಲಿಕೊಂಡಿರುವ ಬೀದಿ. ಹಾಸನದ ಫೋಟೋಗ್ರಾಫರ್ ಗೆಳೆಯ ಹೇಳಿದ ಅಂಗಡಿ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಕಡಿದು, ಬೋರ್ಡು ಅಂಗೈಯಷ್ಟು. ಹೆಸರು ಬರೆಯಲೇ ಅಂತ ಕೇಳಿದ್ದೆ. ‘ಬೇಡ ಸಾರ್, ಈಗಿರೋ ಕ್ಯೂಗೇ ಉತ್ತರ ಕೊಡೋಕಾಗ್ತಿಲ್ಲ’ ಅಂದರು. ಅದಕ್ಕೇ ಬರೆಯುತ್ತಿಲ್ಲ.

ಅಲ್ಲಿನ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ, ಮೊದಲು ಕೇಳಿದ್ದು: ‘ಬಿದ್ದ ಮೇಲೆ ಎಷ್ಟು ಸಲ ಆನ್ ಮಾಡಿದ್ರಿ?’ ನಾನು ಎಣಿಸಿ ಹೇಳಿದೆ. ಚೆಕ್ ಡಿಸ್ಕಿನ ರಾತ್ರಿ ಹೇಳಿದಾಗ ಅವನ ಮುಖ ಸಣ್ಣದಾಯಿತು. ಡಿಸ್ಕಿಗೆ ನಾಲ್ಕೇ ಸೆಕೆಂಡು ಕರೆಂಟು ಕೊಟ್ಟ, ಕಿವಿ ಹತ್ತಿರ ಹಿಡಿದು ಕೇಳಿದ, ಕಿತ್ತುಬಿಟ್ಟ. ‘ಹೆಡ್ ಹೋಗಿದೆ.’

ಆಮೇಲೆ ಒಂದು ಹಾಳಾದ ಡಿಸ್ಕನ್ನು ಬಿಚ್ಚಿ ತೋರಿಸಿ ವಿವರಿಸಿದ. ಒಳಗೆ ಕನ್ನಡಿಯಂಥ ತಟ್ಟೆಗಳು ತಿರುಗುತ್ತವೆ. ಅದರ ಮೇಲೆ ಓದುವ ಸೂಜಿಯಂಥದ್ದು, ಅದೇ ಹೆಡ್ಡು, ಮುಟ್ಟದೆ ತೇಲುತ್ತದೆ. ನಡುವಿನ ಅಂತರ ಕೂದಲೆಳೆಯ ದಪ್ಪಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಓಡುವಾಗ ಬಿದ್ದರೆ ಹೆಡ್ಡು ತಟ್ಟೆಗೆ ತಾಗಿ ಬಾಗುತ್ತದೆ. ಬಾಗಿದ ಹೆಡ್ಡನ್ನೇ ಇಟ್ಟುಕೊಂಡು ರಾತ್ರಿಯಿಡೀ ಓಡಿಸಿದರೆ? ‘ನೇಗಿಲು ಹೊಡೆದ ಹಾಗೆ ಸಾರ್.’ ತಟ್ಟೆಯ ಲೇಪನದಲ್ಲೇ ಫೋಟೋಗಳು ಇರುವುದು. ಅದು ಕೆರೆದು ಪುಡಿಯಾದ ಜಾಗದ್ದು ಯಾವ ದೇವರು ಬಂದರೂ ಸಿಗುವುದಿಲ್ಲ. ಟಿಕ್ ಟಿಕ್ ಶಬ್ದ ಬಂದ ಡಿಸ್ಕಿಗೆ ಯಾವ ಸಾಫ್ಟ್‌ವೇರನ್ನೂ ಹಾಕಬಾರದಂತೆ. ಸಾಫ್ಟ್‌ವೇರು ಕೆಲಸಕ್ಕೆ ಬರುವುದು ಡಿಸ್ಕು ಗಟ್ಟಿ ಇದ್ದು ನಾವು ಕೈತಪ್ಪಿ ಅಳಿಸಿದಾಗ ಮಾತ್ರ. ಫ್ರಿಜ್ಜಿನಲ್ಲಿ ಇಡುವುದು, ಅಕ್ಕಿ ಡಬ್ಬಿಯಲ್ಲಿ ಹೂಳುವುದು, ಇವೆಲ್ಲಾ ಯೂಟ್ಯೂಬಿನ ಮದ್ದು.

ಗಾಜಿನ ಬಾಗಿಲಿನವರು ನಿಜಕ್ಕೂ ಬಿಚ್ಚಿದ್ದರು ಅನ್ನುವುದೂ ಅಲ್ಲೇ ಗೊತ್ತಾಯಿತು. ಸೀಲು ಹರಿದಿತ್ತು, ಒಂದು ಸ್ಕ್ರೂ ಇರಲಿಲ್ಲ. ಮಾಮೂಲಿ ಕೋಣೆಯ ಗಾಳಿಯಲ್ಲಿ ತೆರೆದರೆ ಒಂದು ಧೂಳಿನ ಕಣ ಸಾಕು ತಟ್ಟೆ ಹಾಳಾಗಲು. ಇವರು ತೆರೆಯುವುದು ಫಿಲ್ಟರ್ ಮಾಡಿದ ಗಾಳಿ ಹರಿಯುವ ಒಂದು ಪೆಟ್ಟಿಗೆಯೊಳಗೆ, ಗಾಜಿನಾಚೆಯಿಂದ ನನಗೂ ತೋರಿಸಿದರು.

ಲೆಕ್ಕ ಹೀಗೆ ಹೇಳಿದರು. ನೋಡಲು ದುಡ್ಡಿಲ್ಲ. ಹೆಡ್ಡು ಬದಲಿಸಲು ಇದೇ ಮಾಡೆಲಿನ ಇನ್ನೊಂದು ಡಿಸ್ಕು ಬೇಕು, ಅದನ್ನು ಅವರು ‘ಡೋನರ್’ ಅನ್ನುತ್ತಾರೆ. ಅದಕ್ಕೆ 9,000 ಮೊದಲೇ ಕೊಡಬೇಕು, ಫೋಟೋ ಬಂದರೂ ಬರದಿದ್ದರೂ ಅದು ಹೋದ ಹಾಗೆ. ಕೂಲಿ 38,000. ಅದನ್ನು ಫೈಲುಗಳ ಪಟ್ಟಿ ನೋಡಿ, ನಾನೇ ಕೈಯಾರೆ ಹತ್ತು ಫೋಟೋ ತೆರೆದು ನೋಡಿ ಆಮೇಲೆ ಕೊಟ್ಟರೆ ಸಾಕು. ಏನೂ ಬರದಿದ್ದರೆ ಕೂಲಿ ಬೇಡ. ‘ಎಷ್ಟು ಬರಬಹುದು?’ ಅಂದೆ. ‘ಅರ್ಧ ಬಂದ್ರೆ ದೇವರಿಗೆ ಕೈ ಮುಗೀರಿ. ಪೂರ್ತಿ ಬರಲ್ಲ, ಅದನ್ನ ಈಗಲೇ ಹೇಳ್ತೀನಿ.’

‘100%’ ಅಂದವರ ಹತ್ತಿರ ಹೆದರಿಕೆ ಆಗಿತ್ತು. ‘ಪೂರ್ತಿ ಬರಲ್ಲ’ ಅಂದವನ ಕೈಗೆ ನಿಶ್ಚಿಂತೆಯಿಂದ ಡಿಸ್ಕು ಕೊಟ್ಟು ಬಂದೆ.

ಹನ್ನೆರಡು ದಿನ. ಮಧ್ಯೆ ಎರಡು ಸಲ ಫೋನ್ ಮಾಡಿದರು, ಒಂದು ಸಲ ಡೋನರ್ ಹೆಡ್ಡೂ ಸೋತಿದೆ ಅಂತ. ಒಂದೊಂದೇ ಭಾಗವನ್ನು ನಿಧಾನಕ್ಕೆ ಇನ್ನೊಂದು ಡಿಸ್ಕಿಗೆ ಇಳಿಸಿಕೊಳ್ಳುತ್ತಾರೆ, ಕೆಟ್ಟ ಜಾಗ ಬಂದರೆ ಹಾರಿ ಮುಂದೆ ಹೋಗಿ ಕೊನೆಗೆ ವಾಪಸು ಬರುತ್ತಾರೆ. 2.1 ಟಿಬಿಯಲ್ಲಿ 1.7 ಟಿಬಿ ಬಂತು. ಹನ್ನೊಂದರಲ್ಲಿ ಒಂಬತ್ತು ಮದುವೆ ಪೂರ್ತಿ. ಒಂದರ ಆರತಕ್ಷತೆ ಇಲ್ಲ. ಇನ್ನೊಂದರ ಧಾರೆಯ ಫೋಟೋ ಅಷ್ಟಿಷ್ಟು ಇವೆ, ವಿಡಿಯೋ ಒಂದೂ ಇಲ್ಲ. ಆ ಎಕ್ಸೆಲ್ ಫೈಲು ಬಂದಿತ್ತು, ತೆರೆದರೆ ಬರೀ ಚೌಕ ಚೌಕ.

ಹೋದ ಆರತಕ್ಷತೆಗೆ ಒಂದು ದಾರಿ ಆ ಹುಡುಗನೇ ಹೇಳಿದ. ‘ಮೆಮೊರಿ ಕಾರ್ಡ್‌ಗಳು ಎಲ್ಲಿವೆ? ಫಾರ್ಮ್ಯಾಟ್ ಮಾಡಿದೀರಾ, ಅಥವಾ ಮೇಲೆ ಮತ್ತೆ ಶೂಟ್ ಮಾಡಿದೀರಾ?’ ಕ್ಯಾಮೆರಾದಲ್ಲಿ ಮಾಮೂಲಿ ಫಾರ್ಮ್ಯಾಟ್ ಒತ್ತಿದರೆ ಬಹಳಷ್ಟು ಸಲ ಹೋಗುವುದು ಸೂಚಿ ಮಾತ್ರ. ಫೋಟೋ ಅಲ್ಲೇ ಇರುತ್ತದೆ, ಅದರ ಮೇಲೆ ಹೊಸದು ಕೂರುವ ತನಕ. ಮನೆಯಲ್ಲಿ ಆರು ಕಾರ್ಡು ಇದ್ದವು. ಐದರ ಮೇಲೆ ಮತ್ತೆ ಶೂಟ್ ಆಗಿತ್ತು. ಆರನೆಯದು ಲಾಕ್ ಸರಿ ಇಲ್ಲ ಅಂತ ಡ್ರಾಯರಿನಲ್ಲಿ ಬಿಸಾಕಿದ್ದೆ. ಫೋಟೋರೆಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರು ಹಾಕಿದೆವು. ಅದರ ಮುಖ ನೋಡಿದರೆ ಹಳೇ ಡಾಸ್ ಕಾಲದ್ದು, ಫೈಲಿನ ಹೆಸರೆಲ್ಲಾ ಕಳೆದು ನಂಬರು ಹಾಕುತ್ತದೆ. ಆದರೆ 640 ಫೋಟೋ ತೆಗೆದುಕೊಟ್ಟಿತು. ಆರತಕ್ಷತೆಯ ಅರ್ಧ ವಾಪಸು ಬಂತು, ಒಂದು ರೂಪಾಯಿ ಖರ್ಚಿಲ್ಲದೆ. ತಿರುಗುವ ತಟ್ಟೆ ಇಲ್ಲದೆ ಬರೀ ಚಿಪ್ಪಿನಲ್ಲಿ ನಡೆಯುವ ಎಸ್‌ಎಸ್‌ಡಿ ಡ್ರೈವಿನಲ್ಲಿ ಈ ಆಟ ನಡೆಯುವುದಿಲ್ಲವಂತೆ. ಅಲ್ಲಿ ಅಳಿಸಿದ ಜಾಗವನ್ನು ಡ್ರೈವೇ ಖಾಲಿ ಮಾಡಿಕೊಂಡುಬಿಡುತ್ತದೆ.

ಎಸ್‌.ಪಿ. ರೋಡಿಗೆ ಐದಕ್ಕೆ ಐದು. ಬಿಲ್ಲು ಕೇಳಿದ ಮೇಲೆ ಕೊಟ್ಟರು, ಅದೊಂದು ಮಾತ್ರ ಕೇಳದೆ ಕೊಡಬಹುದಿತ್ತು.

ಆ 47,000 ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಮೇಡಂ ಹೇಳಿದ ಹಾಗೆ ಗಿರಾಕಿಗಳಿಗೆ ನಿಜ ಹೇಳಿದೆ. ಇಬ್ಬರು ಬೈದರು. ಒಬ್ಬರು ಅಡ್ವಾನ್ಸ್ ವಾಪಸ್ ಕೇಳಿದರು. ಕೊಬ್ಬರಿ ವ್ಯಾಪಾರಿಯೊಬ್ಬರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಕಿಯಲ್ಲಿ 25,000 ಮುಂಚೆಯೇ ಎಣಿಸಿ ಕೊಟ್ಟರು. ‘ಮಗಳ ಮದುವೆ ಇನ್ನೊಂದು ಸಲ ಮಾಡೋಕಾಗುತ್ತೇನಪ್ಪ, ಮಾಡ್ಸು.’ ಉಳಿದದ್ದು ಹೆಂಡತಿಯ ಚೀಟಿ ದುಡ್ಡು.

ಇದೇ ಯಜಮಾನರಿಗೆ ಅದಕ್ಕೆ ಎರಡು ದಿನ ಮುಂಚೆ ಒಂದು ಸಾಲದ ಆಪಿನವರು ಫೋನ್ ಮಾಡಿ ‘ನಿಮ್ಮ ಫೋಟೋಗ್ರಾಫರ್ ಕಳ್ಳ’ ಅಂದಿದ್ದರಂತೆ. ನನ್ನ ಮೊಬೈಲಿನ ಕಾಂಟ್ಯಾಕ್ಟ್ ಪೂರ್ತಿ ಎತ್ತಿಕೊಂಡಿದ್ದರು. ಸಾಲದ ಆಪುಗಳು ಹಾಗೆ ಫೋನ್‌ಬುಕ್ಕಿಗೆ ಕೈ ಹಾಕುವಂತಿಲ್ಲ ಅಂತ ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ವಸೂಲಿಗೆ ಫೋನ್ ಮಾಡುವುದಾದರೂ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ. ಇದೆಲ್ಲಾ ಮೇಡಂ ಹೇಳಿದ ಮೇಲೆ ಗೊತ್ತಾದದ್ದು. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಬರೆಸಿದೆ. ಉಳಿದ ಎರಡು ಆಪಿನ ಹಿಂದೆ ಇದ್ದ ಕಂಪನಿಗಳಿಗೆ ಲಿಖಿತ ದೂರು ಕಳಿಸಿದೆ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ ಹತ್ತಿರ ಹೋಗಬಹುದು, ಅದಕ್ಕೂ ಫೀಸಿಲ್ಲ. ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ, ಇಪ್ಪತ್ತನೇ ದಿನಕ್ಕೆ ಅವರ ಧಾಟಿಯೇ ಬದಲಾಯಿತು. ನನ್ನ ಹಳೇ ಕ್ಯಾಮೆರಾ ಬಾಡಿ ಮತ್ತು 70-200 ಲೆನ್ಸ್ ಮಾರಿದೆ, 82,000 ಬಂತು. ಆಪುಗಳು ಮೂರೂ ಮುಗಿದವು. ಆ ಲೆನ್ಸ್ ಮಾರಿದ ದಿನ ಊಟ ಸೇರಲಿಲ್ಲ, ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ಕ್ರೆಡಿಟ್ ಕಾರ್ಡಿನದು ನನಗೆ ಈಗಲೂ ಆಶ್ಚರ್ಯ. ಬ್ಯಾಂಕಿನವರು ಒಮ್ಮೆ ಫೋನಿನಲ್ಲಿ ‘ಸೆಟಲ್‌ಮೆಂಟ್ ಮಾಡಿಕೊಳ್ಳಿ, ಒಂದು ಲಕ್ಷ ಕಟ್ಟಿ ಮುಗಿಸಿ’ ಅಂದಿದ್ದರು. ನಾನು ಕುಣಿದಾಡಿದ್ದೆ. ಮೇಡಂ ಬೇಡ ಅಂದರು. ಆ ಒಂದು ಲಕ್ಷ ಒಟ್ಟಿಗೆ ನನ್ನ ಹತ್ತಿರ ಇಲ್ಲ. ಇದ್ದರೂ ರಿಪೋರ್ಟಿನಲ್ಲಿ ‘ಸೆಟಲ್ಡ್’ ಅನ್ನುವ ಕಲೆ ವರ್ಷಗಟ್ಟಲೆ ಕೂರುತ್ತದೆ, ಮುಂದೆ ಕ್ಯಾಮೆರಾಕ್ಕೆ ಸಾಲ ಸಿಗುವುದಿಲ್ಲ. ಬದಲಿಗೆ ಪೂರ್ತಿ ಬಾಕಿಯನ್ನು ಕಂತಿಗೆ ತಿರುಗಿಸಿ ಅಂತ ಅರ್ಜಿ ಬರೆಸಿದರು. ವರ್ಷಕ್ಕೆ 18%, 36 ತಿಂಗಳು, ಕಂತು ಸುಮಾರು 5,860. ಈಗ ಇದನ್ನು ನೋಡಿ: ಮುಂಚೆ ತಿಂಗಳಿಗೆ 3.6%ರಂತೆ ಬರೀ ಬಡ್ಡಿಯೇ 5,832 ಆಗುತ್ತಿತ್ತು. ಹೆಚ್ಚುಕಮ್ಮಿ ಅದೇ ದುಡ್ಡು. ಆಗ ಅಸಲು ಕದಲುತ್ತಿರಲಿಲ್ಲ, ಈಗ ಮೂರು ವರ್ಷಕ್ಕೆ ಕಾರ್ಡೇ ಮುಗಿಯುತ್ತದೆ. ಕಾರ್ಡನ್ನು ಹೆಂಡತಿ ಕತ್ತರಿಯಲ್ಲಿ ನಾಲ್ಕು ತುಂಡು ಮಾಡಿದಳು.

ಕೊನೇ ಮೆಟ್ಟಿಲು ಕೋರ್ಟಿನದು. ಹೆಸರು ಕೇಳಿಯೇ ಕಾಲು ನಡುಗಿತ್ತು. ಕೈಸಾಲ ಕೊಟ್ಟವರ ಹತ್ತಿರ ನನ್ನ ಎರಡು ಖಾಲಿ ಚೆಕ್ ಇದ್ದವು. 1,50,000ಕ್ಕೆ ತಿಂಗಳಿಗೆ 7,500ರಂತೆ 26 ತಿಂಗಳು ಕಟ್ಟಿದ್ದೆ, ಅಂದರೆ 1,95,000. ಅಸಲು ಹಾಗೇ ಇತ್ತು. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರರೇ ಅಡಮಾನವಿಲ್ಲದ ಸಾಲಕ್ಕೆ ವರ್ಷಕ್ಕೆ 16%ಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಇವರದು 60%, ಲೈಸೆನ್ಸೂ ಇಲ್ಲ. ಅದೇ ಫೆಬ್ರವರಿಯಲ್ಲಿ ಸರ್ಕಾರದ ಸುಗ್ರೀವಾಜ್ಞೆ ಬಂದಿತ್ತು, ಕಿರುಕುಳ ಕೊಟ್ಟು ಸಾಲ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬ್ಯಾಂಕುಗಳಿಗೆ, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳಿಗೆ ಅದು ತಾಗುವುದಿಲ್ಲ. ಇಂಥವರಿಗೆ ತಾಗುತ್ತದೆ. ಟೀ ಅಂಗಡಿಯಲ್ಲೆಲ್ಲಾ ಅದೇ ಮಾತು.

ಆದರೆ ಆ ಮನುಷ್ಯ ನನ್ನ ತಂದೆಯ ಕಾಲದಿಂದ ಗೊತ್ತು. ಅಪ್ಪನ ಆಪರೇಷನ್ನಿಗೆ ರಾತ್ರೋರಾತ್ರಿ ದುಡ್ಡು ಕೊಟ್ಟದ್ದೂ ಅವರೇ. ಪೊಲೀಸಿಗೆ ಹೋಗಲು ಮನಸ್ಸು ಬರಲಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ಅಂತ ಕೋರ್ಟಿನ ಆವರಣದಲ್ಲೇ ಇದೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ಕೂರಿಸಿ ಮಾತಾಡಿಸುತ್ತಾರೆ. ಅರ್ಜಿ ಕೊಟ್ಟೆ, ಅವರಿಗೆ ನೋಟಿಸ್ ಹೋಯಿತು. ಸಂಧಾನ ನಡೆದದ್ದು ಇಪ್ಪತ್ತೈದು ನಿಮಿಷ. 90,000, ಆರು ಕಂತು, ಚೆಕ್ಕುಗಳು ವಾಪಸ್. ಅಲ್ಲಿ ಆದ ತೀರ್ಪಿಗೆ ಕೋರ್ಟಿನ ಡಿಕ್ರಿಯ ಬೆಲೆ, ಮೇಲೆ ಅಪೀಲಿಲ್ಲ. ಕೋರ್ಟು ಫೀಸೂ ಇಲ್ಲ. ಕಾದದ್ದು ಮಾತ್ರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ತನಕ, ಕೂರಲು ಜಾಗ ಇಲ್ಲದೆ. ಹೊರಗೆ ಬಂದ ಮೇಲೆ ಅವರೇ ಕಾಫಿ ಕೊಡಿಸಿದರು. ಇಬ್ಬರೂ ಜಾಸ್ತಿ ಮಾತಾಡಲಿಲ್ಲ. ನಾಲ್ಕು ಸ್ಟಾರ್, ಬೆಂಚು ಹಾಕಿಸಿದರೆ ಐದು.

ಈಗ ಉಳಿದಿರುವುದು ಕ್ಯಾಮೆರಾ, ಕಾರ್ಡು, ಚಿನ್ನ ಸೇರಿ ಮೂರೂವರೆ ಲಕ್ಷ. ಸಂಘದ್ದು ದೀಪಾವಳಿಗೆ ಮುಗಿಯಿತು. ಪ್ರತಿ ಮದುವೆಯೂ ಈಗ ಎರಡು ಡಿಸ್ಕಿನಲ್ಲಿ ಇರುತ್ತದೆ, ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮಾವನ ಮನೆಯ ಬೀರುವಿನಲ್ಲಿ. ಆಲ್ಬಮ್ ಕೊಡುವ ತನಕ ಮೆಮೊರಿ ಕಾರ್ಡು ಫಾರ್ಮ್ಯಾಟ್ ಮಾಡುವುದಿಲ್ಲ.

ವಿಡಿಯೋ ಪೂರ್ತಿ ಹೋಯಿತಲ್ಲ, ಆ ಮದುವೆಯವರಿಗೆ ಅಡ್ವಾನ್ಸ್ 15,000 ವಾಪಸ್ ಕೊಟ್ಟೆ. ಸಿಕ್ಕ ಫೋಟೋಗಳಿಂದ ಒಂದು ಸಣ್ಣ ಆಲ್ಬಮ್ ಮಾಡಿ ಒಯ್ದೆ. ಹುಡುಗಿ ಒಂದೊಂದೇ ಹಾಳೆ ತಿರುಗಿಸಿದಳು. ಅಜ್ಜಿ ಅಕ್ಷತೆ ಹಾಕುವ ಫೋಟೋ ಇದೆಯಾ ಅಂತ ಕೇಳಿದಳು. ಇರಲಿಲ್ಲ. ಅಜ್ಜಿ ಆ ಜೂನಿನಲ್ಲಿ ತೀರಿಕೊಂಡಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಮುಂದಿನ ತಿಂಗಳು ಅವರ ಮನೆಯಲ್ಲಿ ಮಗುವಿನ ನಾಮಕರಣ. ಯಾಕೋ ಏನೋ, ನನಗೇ ಫೋನ್ ಮಾಡಿ ಹೇಳಿದ್ದಾರೆ. ಹೆಂಡತಿ ನೋಟ್‌ಬುಕ್ಕಿನಲ್ಲಿ ತಾರೀಕು ಬರೆದು, ಮೊತ್ತದ ಜಾಗದಲ್ಲಿ ಒಂದು ಗೀಟು ಎಳೆದಿದ್ದಾಳೆ.